ಚಿಕ್ಕಮ್ಮನ ತಿಳಿನೀಲಿ

ನಮ್ಮ ಚಿಕ್ಕಮ್ಮನ ಎದುರು ಹೋಗಿ ನಿಂತರೆ ಆಕೆ ಮೊದಲು ನಿಮ್ಮ ಮುಖ ನೋಡುವುದಿಲ್ಲ, ನಿಮ್ಮ ಅಂಗಿ ನೋಡುತ್ತಾಳೆ. ಅಂಗಿ ಪರವಾಗಿಲ್ಲ ಅನ್ನಿಸಿದರೆ ಮಾತ್ರ ಮುಖದವರೆಗೆ ಬರುವ ತೊಂದರೆ ತೆಗೆದುಕೊಳ್ಳುತ್ತಾಳೆ. ಇಲ್ಲವಾದರೆ ನೀವು ಯಾರು, ಎಲ್ಲಿಂದ ಬಂದಿರಿ, ಊಟವಾಯಿತೇ ಎಂಬುದೆಲ್ಲ ಆಮೇಲಿನ ಮಾತು. "ಈ ಬಣ್ಣ ಹಾಕ್ಕೊಳ್ಳಿ ಅಂತ ನಿಮಗೆ ಯಾರು ಹೇಳಿದ್ದು?" ಎಂಬುದೇ ಮೊದಲ ಪ್ರಶ್ನೆ! ಒಮ್ಮೆ ಕರೆಂಟಿನ ಮೀಟರ್ ಓದಲು ಬಂದವನಿಗೂ ಇದೇ ಪ್ರಶ್ನೆ ಬಿತ್ತು. ಪಾಪ, ಅವನು ಮುಂದಿನ ತಿಂಗಳು ಬೇರೆ ಅಂಗಿ ತೊಟ್ಟು ಬಂದು, ಮೀಟರಿಗಿಂತ ಮೊದಲು ಚಿಕ್ಕಮ್ಮನಿಗೆ ತೋರಿಸಿ, "ಹಾಂ, ಇದು ಸರಿ" ಎನ್ನಿಸಿಕೊಂಡೇ ಹೋದ.

ಆಕೆಯ ಪ್ರಕಾರ ಜಗತ್ತಿನ ಬಣ್ಣಗಳಲ್ಲಿ ಇರುವುದು ಎರಡೇ ಜಾತಿ. ಒಂದು ಬಿಸಿ, ಇನ್ನೊಂದು ತಂಪು. ಪಪ್ಪಾಯ ಉಷ್ಣ, ಮಜ್ಜಿಗೆ ತಂಪು ಎಂದು ಎಲ್ಲರ ಮನೆಯಲ್ಲೂ ಹೇಳುತ್ತಾರಷ್ಟೇ. ನಮ್ಮ ಚಿಕ್ಕಮ್ಮ ಅದನ್ನು ಬಟ್ಟೆ, ಬಾಗಿಲು, ಬಕೆಟ್ಟುಗಳವರೆಗೂ ಎಳೆದುಕೊಂಡು ಹೋಗಿದ್ದಳು. ಕೆಂಪು ಬಕೆಟ್ಟಿನ ನೀರಿನಲ್ಲಿ ಸ್ನಾನ ಮಾಡಿದರೆ ಮೈಗೆ ಕಾವು. ಬೂದುಬಣ್ಣದ ಹೊದಿಕೆ ಹೊದ್ದರೆ ನೆಗಡಿ. ಚಿಕ್ಕಪ್ಪನಿಗೆ ಕಚೇರಿಯಲ್ಲಿ ಯಾರ ಮೇಲಾದರೂ ಸಿಟ್ಟು ಬಂದ ದಿನ ಬಚ್ಚಲಿನಲ್ಲಿ ಹಸಿರು ಟವೆಲ್ ನೇತಾಡುತ್ತಿತ್ತು. "ಅವರ ತಲೀಗೆ ಇವತ್ತು ತಂಪು ಬೇಕು" ಎನ್ನುತ್ತಿದ್ದಳು. ಚಿಕ್ಕಪ್ಪ ಆ ಟವೆಲಿನಿಂದ ತಲೆ ಒರೆಸಿಕೊಂಡು ನಿಜವಾಗಿಯೂ ಶಾಂತರಾಗಿ ಹೊರಗೆ ಬರುತ್ತಿದ್ದರು. ಟವೆಲಿನ ಮಹಿಮೆಯೋ ಮೂವತ್ತು ವರ್ಷದ ಸಂಸಾರದ ಮಹಿಮೆಯೋ ನಾನು ಹೇಳಲಾರೆ.

ಮೂವತ್ತು ವರ್ಷವೆಂದರೆ ಸುಮ್ಮನೆ ಅಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ಚಿಕ್ಕಮ್ಮ ವಿಜಯವಾಡದ ತೆಲುಗು ಮನೆಗೆ ಸೊಸೆಯಾಗಿ ಹೋದಳು. ಅಲ್ಲಿಂದ ಚಿಕ್ಕಪ್ಪನ ರೈಲ್ವೆ ಗುಮಾಸ್ತಿಕೆಯ ಹಿಂದೆ ವಿಶಾಖಪಟ್ಟಣಕ್ಕೆ ಬಂದು ದ್ವಾರಕಾ ನಗರದ ಹಿಂದಿನ ಒಂದು ಗಲ್ಲಿಯಲ್ಲಿ ನೆಲೆಸಿದಳು. ಆ ಗಲ್ಲಿಯ ಹೆಂಗಸರು ಆಕೆಯನ್ನು ಕರೆಯುತ್ತಿದ್ದದ್ದು 'ಮ್ಯಾಚಿಂಗ್ ಪಿನ್ನಿಗಾರು' ಎಂದು. ಪಿನ್ನಿ ಎಂದರೆ ತೆಲುಗಿನಲ್ಲಿ ಚಿಕ್ಕಮ್ಮ. ಯಾರೇ ಹೊಸ ಸೀರೆ ತಂದರೂ ಅದಕ್ಕೆ ಒಪ್ಪುವ ರವಿಕೆ ಬಟ್ಟೆ ತರುವ ಹಕ್ಕು ಆಕೆಯದು. ಬೇರೆಯವರು ಸೀರೆಯನ್ನು ಕವರಿನಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ, ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ತಲೆ ಕೆಡಿಸಿಕೊಳ್ಳುತ್ತಾರಲ್ಲವೇ? ಚಿಕ್ಕಮ್ಮ ಸೀರೆಯನ್ನು ಒಂದು ಸಲ ನೋಡುತ್ತಿದ್ದಳು. "ಅದು ಮನೇಲೇ ಇರ್ಲಿ" ಎಂದು ಬರಿಗೈಯಲ್ಲಿ ಹೊರಡುತ್ತಿದ್ದಳು. ತಂದ ಬಟ್ಟೆ ಸೀರೆಯ ಅಂಚಿನ ಮೇಲಿಟ್ಟರೆ ಎಲ್ಲಿ ಅಂಚು ಮುಗಿಯಿತು, ಎಲ್ಲಿ ರವಿಕೆ ಶುರುವಾಯಿತು ಎಂದು ಕೈಯಲ್ಲಿ ಮುಟ್ಟಿ ನೋಡಬೇಕು!

ಇಂಥವಳ ಮನೆಗೆ ನಾನು ಎರಡು ಸಾವಿರದ ಐದರ ಸುಮಾರಿಗೆ, ಜೂನ್ ತಿಂಗಳಲ್ಲಿ ಹೋಗಿ ಬಿದ್ದೆ. ಆ ಊರಿನಾಚೆಯ ಪರವಾಡದ ಔಷಧಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಹಾಸ್ಟೆಲ್ ಹುಡುಕಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. "ಅಕ್ಕನ ಮಗಳು ಹಾಸ್ಟೆಲ್ನಾಗೆ ಇರೋದಾದ್ರೆ ನಾನ್ಯಾಕೆ ಈ ಊರಾಗೆ ಇರ್ಬೇಕು? ನಾಳೇನೇ ಗಂಟುಮೂಟೆ ಕಟ್ತೀನಿ" ಎಂದಳು. ಅವರಿಗೆ ಮಕ್ಕಳಿರಲಿಲ್ಲ. ಮನೆಯ ಎರಡನೆಯ ಕೋಣೆಗೆ ಅದುವರೆಗೆ ಹಳೆಯ ಟ್ರಂಕು, ಕೆಟ್ಟ ಟೇಬಲ್ ಫ್ಯಾನು, ಮತ್ತು ಚಿಕ್ಕಪ್ಪ ಎಸೆಯಲೊಪ್ಪದ ಹತ್ತು ವರ್ಷದ ಪಂಚಾಂಗಗಳೇ ಒಡೆಯರಾಗಿದ್ದವು. ಅವನ್ನೆಲ್ಲ ಅಟ್ಟಕ್ಕೆ ಏರಿಸಿ, ಕೋಣೆಗೆ ಬಣ್ಣ ಹೊಡೆಸಿ, ಅದನ್ನು ನನಗೆ ಕೊಡುವುದೆಂದು ತೀರ್ಮಾನವಾಯಿತು.

ಯಾವ ಬಣ್ಣ?

ಅಲ್ಲಿಂದ ಶುರುವಾಯಿತು ನೋಡಿ!

"ಬೆಚ್ಚಗಿರೋ ಬಣ್ಣ ಇರಬೇಕಂಡಿ" ಎಂದರು ಚಿಕ್ಕಪ್ಪ. ಚಿಕ್ಕಪ್ಪ ಕನ್ನಡ ಕಲಿತದ್ದು ಪೂರ್ತಿಯಾಗಿ ಹೆಂಡತಿಯಿಂದಲೇ. ಆದರೆ ಮಾತಿನ ಕೊನೆಗೆ ಒಂದು 'ಅಂಡಿ' ಅಂಟಿಸದಿದ್ದರೆ ಎದುರಿನವರಿಗೆ ಅವಮಾನವಾದೀತು ಎಂಬ ಭಯ ಅವರಿಗೆ. ಹಾಲಿನವನಿಗೂ ಅಂಡಿ, ಹೆಂಡತಿಗೂ ಅಂಡಿ, ಹೊಸಿಲಲ್ಲಿ ಮಲಗುವ ಬೆಕ್ಕಿಗೂ ಅಂಡಿ. "ಹುಡುಗಿ ದಿನವೆಲ್ಲ ಲ್ಯಾಬಲ್ಲಿ ನಿಂತು ಸುಸ್ತಾಗಿ ಬರ್ತಾಳೆ. ತಾಯಿ ದೂರ, ಊರು ದೂರ. ಕೋಣೆ ಒಳಗೆ ಬಂದ್ರೆ ಯಾರೋ ತಬ್ಬಿಕೊಂಡ ಹಾಗಿರಬೇಕಂಡಿ."

"ಬೆಜವಾಡದ ಬಿಸಿಲಾಗೆ ಹುಟ್ಟಿದೋರಲ್ವಾ, ನಿಮಗೆ ಬೆಂಕಿನೂ ಬೆಚ್ಚಗೇ ಕಾಣ್ತೈತೆ" ಎಂದಳು ಚಿಕ್ಕಮ್ಮ. ಬೆಜವಾಡ ಎಂದರೆ ವಿಜಯವಾಡವೇ. ಗಂಡನ ಊರಿಗೆ ಬಯ್ಯುವಾಗ ಮಾತ್ರ ಆಕೆ ಹಳೆಯ ಹೆಸರು ಬಳಸುತ್ತಿದ್ದಳು. "ಮಗು ಬಸ್ಸಿನಾಗೆ ಬೆಂದು ಬರ್ತೈತೆ. ತಂಪು ಬೇಕು. ತಿಳಿನೀಲಿ. ಮಳೆ ಬಂದು ನಿಂತ ಮೇಲೆ ಆಕಾಶ ಇರ್ತದಲ್ಲ, ಆ ನೀಲಿ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳುವುದಾದರೂ ಏಕೆ? ಕೋಣೆ ನನ್ನದು ಅಷ್ಟೇ.

ಚಿಕ್ಕಪ್ಪ ಸುಲಭಕ್ಕೆ ಸೋಲುವವರಲ್ಲ. ಆ ಭಾನುವಾರ ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿಗೆ ಹೋಗಿ, ಸಂತೆಯಲ್ಲಿ ಹತ್ತಾರು ಬೆಲ್ಲದ ಅಚ್ಚುಗಳನ್ನು ಮುರಿಸಿ ನೋಡಿ, ತಮ್ಮ ಮನಸ್ಸಿನ ಬಣ್ಣದ ಒಂದು ತುಂಡನ್ನು ಕಾಗದದಲ್ಲಿ ಸುತ್ತಿ ತಂದರು. ನಾವು ಮೂವರೂ ಅದನ್ನು ಹಿಡಿದುಕೊಂಡು ಪೇಂಟಿನ ಅಂಗಡಿಗೆ ಹೋದೆವು. ಅಂಗಡಿಯವನು ಬಣ್ಣದ ಕಾರ್ಡು ಬಿಚ್ಚಿದ. ಚಿಕ್ಕಪ್ಪ ಬೆಲ್ಲ ಬಿಚ್ಚಿದರು.

"ಈ ಬಣ್ಣ ಬೇಕಂಡಿ."

ಅಂಗಡಿಯವನು ಬೆಲ್ಲವನ್ನು ನೋಡಿ, ಚಿಕ್ಕಪ್ಪನನ್ನು ನೋಡಿ, ಪ್ರಸಾದವಿರಬಹುದೆಂದು ಭಾವಿಸಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ! ಚಿಕ್ಕಮ್ಮ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಉಳಿದ ಬೆಲ್ಲದಿಂದ ಹೊರಟ ಇರುವೆಗಳು ಸಾಲಾಗಿ ಕಾರ್ಡಿನ ಮೇಲೆ ಹರಿದು, ಹಳದಿ ದಾಟಿ, ಹಸಿರು ದಾಟಿ, ನೀಲಿಯ ಮೇಲೆ ಹೋಗಿ ನಿಂತವು. "ನೋಡಿದ್ರಾ? ಇರುವೆಗೂ ಗೊತ್ತೈತೆ ಯಾವುದು ತಂಪು ಅಂತ" ಎಂದಳು ಚಿಕ್ಕಮ್ಮ. ಚಿಕ್ಕಪ್ಪ ಶರಣಾದರು.

ಮರುದಿನವೇ ಪೇಂಟರ್ ಬಂದ. ಐವತ್ತು ದಾಟಿದ, ಮಾತು ಕಡಿಮೆಯ, ಕೆಲಸದಲ್ಲಿ ನಿಧಾನದ ಮನುಷ್ಯ. ಗೋಡೆಯ ಮೇಲೆ ಒಂದು ಮೊಳದಗಲ ತಿಳಿನೀಲಿ ಬಳಿದು ತೋರಿಸಿದ. ನನಗೆ ಬಹಳ ಹಿಡಿಸಿತು. ಚಿಕ್ಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು.

"ಇದು ನೀಲೀನಾ? ಸುಣ್ಣ ಹಳತಾದಂಗೆ ಐತೆ. ಇನ್ನೊಂಚೂರು ನೀಲಿ ಹಾಕು."

ಹಾಕಿದ. "ಇದ್ಯಾಕೆ ಹಸಿರು ಹೊಡಿತೈತೆ?" ಮತ್ತೆ ಹಾಕಿದ. "ಮಣ್ಣು ಕಲಸಿದಂಗೆ ಐತಲ್ಲಪ್ಪ!" ಮತ್ತೂ ಹಾಕಿದ. ಗೋಡೆಯ ಮೇಲೆ ಏಳು ಚೌಕಗಳಾದವು. ಒಂದಕ್ಕಿಂತ ಒಂದು ಗಾಢ. "ಇಂಕಾ ನೀಲಮಾ ಅಮ್ಮಗಾರೂ?" ಎಂದು ಅವನು ಪ್ರತಿ ಸಲ ಕೇಳುತ್ತಿದ್ದ, ಇನ್ನೂ ನೀಲಿಯೇ ಅಮ್ಮಾ ಎಂದು. ಆರನೆಯ ಸಲ ಕೇಳುವಾಗ ಅವನ ದನಿಯಲ್ಲಿ ಸಣ್ಣ ನಡುಕವಿತ್ತು. ಏಳನೆಯದಕ್ಕೆ ಚಿಕ್ಕಮ್ಮನ ಮುಖ ಅರಳಿತು. "ಹಾಂ! ಇದು. ಮಳೆ ನಿಂತ ಆಕಾಶ."

ನಾನು ಚಿಕ್ಕಪ್ಪನ ಮುಖ ನೋಡಿದೆ. ಚಿಕ್ಕಪ್ಪ ಕಿಟಕಿಯ ಆಚೆ ನಿಜವಾದ ಆಕಾಶ ನೋಡುತ್ತಿದ್ದರು.

ಅದು ಎಂಥ ನೀಲಿ ಎಂದು ಹೇಗೆ ಹೇಳಲಿ? ಬಿಳಿ ಬಟ್ಟೆಗೆ ಹಾಕುತ್ತಾರಲ್ಲ, ಆ ನೀಲಿಯ ಬಾಟಲಿಯೊಳಗೆ ಒಂದು ಮಂಚ, ಒಂದು ಕುರ್ಚಿ ಇಟ್ಟು ನನ್ನನ್ನು ಮಲಗಿಸಿದಂತೆ! ಬೆಳಿಗ್ಗೆ ಎದ್ದು ಕೈ ನೋಡಿಕೊಂಡರೆ ಕೈ ನೀಲಿ. ಕಾಫಿ ನೀಲಿ. ಬಿಳಿಯ ಲ್ಯಾಬ್ ಕೋಟು ಅಲ್ಲಿ ನೇತುಹಾಕಿದರೆ ಯಾವುದೋ ದೇವರ ಉಡುಪಿನಂತೆ ಕಾಣುತ್ತಿತ್ತು. ಒಂದು ಭಾನುವಾರ ನನ್ನ ಜೊತೆ ಕೆಲಸ ಮಾಡುವ ಹಾಸನದ ಹುಡುಗಿಯೊಬ್ಬಳು ಮನೆಗೆ ಬಂದಳು. ಕೋಣೆಯ ಬಾಗಿಲಲ್ಲೇ ನಿಂತು, "ಅಯ್ಯಯ್ಯಪ್ಪಾ, ಈ ಊರಲ್ಲಿ ಸಮುದ್ರ ಇರೋದು ಸಾಲ್ದು ಅಂತ ಮನೆಯೊಳಗೂ ಬಿಟ್ಕೊಂಡಿದೀರಾ?" ಎಂದಳು. ಅಡುಗೆಮನೆಯಿಂದ ಚಿಕ್ಕಮ್ಮ ಕೂಗಿ ಕೇಳಿದಳು, "ಹೆಂಗೈತಮ್ಮ ಬಣ್ಣ?" ನಾನು ಅವಳ ಕಾಲು ತುಳಿದೆ. "ತುಂಬಾ... ತಂಪಾಗಿದೆ ಆಂಟಿ" ಎಂದಳು. ಒಳ್ಳೆಯ ಹುಡುಗಿ.

ನಾನು ಯಾಕೆ ಸುಮ್ಮನಿದ್ದೆ ಎನ್ನುತ್ತೀರಾ? ಪ್ರತಿ ಸಂಜೆ ನಾನು ಕಂಪನಿ ಬಸ್ಸಿನಿಂದ ಇಳಿದು ಬರುವ ಹೊತ್ತಿಗೆ ಚಿಕ್ಕಮ್ಮ ಆ ಕೋಣೆಯ ಫ್ಯಾನು ಹಾಕಿ, ಹಾಸಿಗೆ ಕೊಡವಿ, ಕಿಟಕಿ ತೆರೆದಿಟ್ಟು ಕಾಯುತ್ತಿದ್ದಳು. "ತಂಪಾತಾ?" ಎಂದು ಕೇಳುತ್ತಿದ್ದಳು. ನಾನು "ಆಯ್ತು ಚಿಕ್ಕಮ್ಮ" ಎನ್ನುವವರೆಗೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಹಾಗೆ ಕೇಳುವವರಿಗೆ ಇನ್ನೇನು ಹೇಳುವುದು?

ಆದರೆ ನಾನು ಲ್ಯಾಬಿನವಳು. ದ್ರಾವಣದ ಬಣ್ಣ ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಹಿಡಿಯುವುದೇ ನನ್ನ ಕೆಲಸ. ನಮ್ಮ ಕಣ್ಣುಗಳನ್ನೇ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತಿದ್ದರು. ಹೀಗಾಗಿ ನನಗೆ ಬೇಗ ಅನುಮಾನ ಬಂತು. ಒಂದು ದಿನ ಚಿಕ್ಕಮ್ಮ ತಾನೇ ಆರಿಸಿದ ದುಪಟ್ಟಾವನ್ನು ನನ್ನ ನೀಲಿ ಚೂಡಿದಾರದ ಮೇಲೆ ಹೊದಿಸಿ, "ಒಂದೇ ಥಾನಿಂದ ಹರಿದಂಗೈತೆ" ಎಂದು ಹಿಂದಕ್ಕೆ ಸರಿದು ನೋಡಿ ಹಿಗ್ಗಿದಳು. ದುಪಟ್ಟಾ ಅಚ್ಚ ಪಾಚಿಹಸಿರು! ಅದನ್ನೇ ಹೊದ್ದು ಬಸ್ಸು ಹತ್ತಿದೆ. ಇನ್ನೊಂದು ದಿನ ಆಕೆ ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕಡುನೀಲಿ ಚಪ್ಪಲಿ ಮೆಟ್ಟಿ ದೇವಸ್ಥಾನಕ್ಕೆ ಹೋಗಿಬಂದಳು. ಬಿಳಿಯ ಪಂಚೆಯನ್ನು ಹಿಡಿದು, "ಅಗಸ ಇದನ್ನ ಸರಿಯಾಗಿ ಒಗೆದಿಲ್ಲ, ಕೆನೆ ಬಣ್ಣ ಹಂಗೇ ಐತೆ" ಎಂದು ಮೂರು ಸಲ ವಾಪಸು ಕಳಿಸಿದಳು.

ಚಿಕ್ಕಪ್ಪ ಒಬ್ಬರೇ ಸಿಕ್ಕಾಗ ಕೇಳಿದೆ: "ಚಿಕ್ಕಪ್ಪ, ಚಿಕ್ಕಮ್ಮನಿಗೆ ಕಣ್ಣು ತೋರಿಸಬೇಕಲ್ವಾ?"

ಅವರು ಗಾಬರಿಯಾಗಿ ಅಡುಗೆಮನೆಯ ಕಡೆ ನೋಡಿದರು. "ಆ ಮಾತು ಈ ಮನೇಲಿ ಎತ್ತಬೇಡಿ ಅಮ್ಮಾ. ನಿಮ್ಮ ಅಜ್ಜಿಗೆ ಏನಾಯ್ತು ಗೊತ್ತಲ್ಲಂಡಿ?"

ಗೊತ್ತಿತ್ತು. ನಮ್ಮ ಅಜ್ಜಿ, ಅಂದರೆ ಚಿಕ್ಕಮ್ಮನ ತಾಯಿ, ಬಹಳ ಹಿಂದೆ ಯಾವುದೋ ಶಿಬಿರದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಕೀವಾಗಿ ಆ ಕಣ್ಣೇ ಹೋಯಿತು. ಇನ್ನೊಂದನ್ನು ಮುಟ್ಟಲು ಅವರು ಬಿಡಲಿಲ್ಲ. ಅದೂ ಮಬ್ಬಾಗಿ ಕೊನೆಗೆ ಕತ್ತಲಾಯಿತು. ಆಗ ಅಜ್ಜಿಯ ಕೈಹಿಡಿದು ನಡೆಸುತ್ತಿದ್ದವಳು ಮನೆಯ ಕಿರಿ ಮಗಳು, ನಮ್ಮ ಚಿಕ್ಕಮ್ಮ. ಬೀದಿಯಲ್ಲಿ ಹೋಗುವವರ ಸೀರೆಯ ಬಣ್ಣಗಳನ್ನು ಕುರುಡು ತಾಯಿಗೆ ಒಂದೊಂದಾಗಿ ಹೇಳುತ್ತಿದ್ದವಳೂ ಅವಳೇ ಎಂದು ನಮ್ಮಮ್ಮ ಹೇಳುತ್ತಿದ್ದಳು. ಹೇಳಿ ಹೇಳಿಯೇ ಆ ಕಣ್ಣು ಅಷ್ಟು ಹರಿತವಾದದ್ದು.

"ಹೇಳಿದ್ರೆ ಅವಳು ಹೆದರಿಕೊಳ್ತಾಳೆ" ಎಂದರು ಚಿಕ್ಕಪ್ಪ. "ಹೇಳದಿದ್ದರೆ ನಾನು ಹೆದರಿಕೊಳ್ತೀನಿ. ನಾನೇ ಹೆದರೋದು ವಾಸಿ ಅಲ್ವೇನಂಡಿ?"

ನಾನೂ ಬಾಯಿ ಮುಚ್ಚಿಕೊಂಡೆ. ಆದರೆ ನನ್ನ ಬಾಯಿ ಎಷ್ಟು ದಿನ ಮುಚ್ಚಿಕೊಂಡಿದ್ದೀತು!

ದೀಪಾವಳಿ ಕಳೆದ ಮೇಲೆ ನನ್ನ ಕೋಣೆಗೆ ಪರದೆ ತರಲು ನಾವಿಬ್ಬರೇ ಹೋದೆವು. ಬಟ್ಟೆಯಂಗಡಿಯವನು ಮೇಜಿನ ಮೇಲೆ ಥಾನುಗಳನ್ನು ಉರುಳಿಸುತ್ತ ಹೋದ. ಚಿಕ್ಕಮ್ಮ ಒಂದರ ಮೇಲೆ ಕೈಯಿಟ್ಟು, "ಈ ನೀಲಿ ಮೂರು ಮೀಟರ್" ಎಂದಳು. ಅವನು ಕಕ್ಕಾಬಿಕ್ಕಿಯಾಗಿ, ಇದು ಹಸಿರು ಅಮ್ಮಾ ಎಂದ. ಚಿಕ್ಕಮ್ಮನಿಗೆ ರೇಗಿತು. "ನಂಗೆ ಬಣ್ಣ ಹೇಳ್ಕೊಡ್ತೀಯಾ? ಈ ಊರಾಗೆ ಯಾರನ್ನಾದ್ರೂ ಕೇಳು!" ಸುತ್ತ ನಾಲ್ಕಾರು ಜನ ತಿರುಗಿ ನೋಡಿದರು. ಆಕೆ ನನ್ನ ಕಡೆ ತಿರುಗಿದಳು. "ನೀನೇ ಹೇಳೇ ಇವನಿಗೆ, ನೀಲಿ ಅಲ್ವಾ ಇದು?"

ಏನಾಗಿತ್ತು ನನಗೆ? ದಿನವಿಡೀ ಲ್ಯಾಬಿನಲ್ಲಿ ಸರಿ-ತಪ್ಪು ಬರೆದು ಬರೆದು ನಾಲಿಗೆಗೂ ಅದೇ ಚಾಳಿ ಬಿದ್ದಿತ್ತೋ ಏನೋ. "ಹಸಿರು ಚಿಕ್ಕಮ್ಮ" ಎಂದುಬಿಟ್ಟೆ.

ಆಕೆ ಒಂದು ಕ್ಷಣ ನನ್ನನ್ನು ನೋಡಿದಳು. ಥಾನಿನ ಮೇಲಿದ್ದ ಕೈಯನ್ನು ನಿಧಾನವಾಗಿ ತೆಗೆದುಕೊಂಡಳು, ಬಿಸಿ ಹಂಚು ಮುಟ್ಟಿದವಳ ಹಾಗೆ. ಅಂಗಡಿಯವನಿಗೆ "ಆಮೇಲೆ ಬರ್ತೀವಪ್ಪ" ಎಂದು ಮೆತ್ತಗೆ ಹೇಳಿ ಮೆಟ್ಟಿಲಿಳಿದಳು. ದಾರಿಯುದ್ದಕ್ಕೂ ಎದುರು ಬಂದವರ ಒಂದು ಅಂಗಿಯನ್ನೂ ಆಕೆ ಟೀಕಿಸಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಬೇರೆ ಬೇಕಿರಲಿಲ್ಲ.

ಮೂರು ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ. ನನಗೆ ಬುತ್ತಿ ಕಟ್ಟುವುದನ್ನು ಬಿಡಲಿಲ್ಲ, ಫ್ಯಾನು ಹಾಕಿಡುವುದನ್ನೂ ಬಿಡಲಿಲ್ಲ. ಆದರೆ "ತಂಪಾತಾ?" ಎಂದು ಕೇಳಲಿಲ್ಲ. ನಾಲ್ಕನೆಯ ದಿನ ಭಾನುವಾರ. ಚಿಕ್ಕಪ್ಪ ತರಕಾರಿಗೆ ಹೋಗಿದ್ದರು. ಚಿಕ್ಕಮ್ಮ ನನ್ನ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕುಳಿತಳು. ಗೋಡೆಯನ್ನು ತೋರಿಸಿ, "ನಿಜ ಹೇಳು, ಇದು ಯಾವ ಬಣ್ಣ?" ಎಂದಳು.

"ನೀಲಿ."

"ಎಂಥ ನೀಲಿ?"

ನಾನು ದಿಂಬಿನ ಹೊದಿಕೆಯ ಸುಕ್ಕು ಸರಿಮಾಡತೊಡಗಿದೆ.

"ಎಂಥ ನೀಲಿ ಅಂತ ಕೇಳಿದೆ. ಅಂಗಡ್ಯಾಗೆ ಬಾಯಿ ಇತ್ತಲ್ಲ ನಿಂಗೆ?"

"ಕಡುನೀಲಿ ಚಿಕ್ಕಮ್ಮ. ಬಹಳ ಕಡು."

ತಲೆಯಾಡಿಸಿದಳು. "ನಂಗೂ ಅನುಮಾನ ಇತ್ತು ಕಣೆ" ಎಂದಳು. "ದೀಪದ ಸುತ್ತ ಬಳೆ ಬಳೆ ಕಾಣ್ತಿತ್ತು. ಹಗಲು ಹೊತ್ತೂ ಸಂಜೆ ಆದಂಗೆ ಇರ್ತಿತ್ತು. ಬಣ್ಣ ಒಂದು ಸರಿಯಾಗಿ ಹೇಳ್ತಿದ್ರೆ ಸಾಕು, ಕಣ್ಣು ಸರಿಯಾಗೈತೆ ಅಂತ ನಂಗೆ ನಾನೇ ಹೇಳ್ಕೊಂಡೆ. ಎರಡು ವರ್ಷ ಆತು. ಅವ್ವನ ಕೈ ನೆನಪಾಗ್ತದೆ. ಕತ್ಲೆ ಆದ್ಮೇಲೆ ಅವಳು ನನ್ನ ಕೈ ಹಿಡ್ಕೊಳ್ತಿದ್ಲು ನೋಡು, ಅದು ಹಿಡ್ಕೊಳ್ಳೋದಲ್ಲ, ನೇತಾಡೋದು." ಎದ್ದು ನಿಂತಳು. "ಮಕ್ಕಳಿಲ್ಲದೋಳು. ನಾನು ಯಾರ ಕೈಗೆ ನೇತಾಡ್ಲಿ?"

ನಾನು ಆಕೆಯ ಕೈ ಹಿಡಿದುಕೊಂಡೆ.

"ಬೆಜವಾಡದಾಗೆ ಆಪರೇಶನ್ ಮಾಡಿಸ್ಕೊಳ್ಳೋಣ" ಎಂದಳು. ಅಲ್ಲಿ ಆಕೆಯ ವಾರಗಿತ್ತಿ, ಅಂದರೆ ಚಿಕ್ಕಪ್ಪನ ಅಣ್ಣನ ಹೆಂಡತಿ, ಹಿಂದಿನ ವರ್ಷವಷ್ಟೇ ಪೊರೆ ತೆಗೆಸಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಾರಂತೆ. "ಈ ಗಲ್ಲಿಯೋರಿಗೆ ಗೊತ್ತಾಗೋದು ಬ್ಯಾಡ. ನೀನೂ ರಜೆ ಹಾಕಿ ಬಾ. ನಿಮ್ಮ ಚಿಕ್ಕಪ್ಪ ಒಬ್ಬರೇ ಆದ್ರೆ ಅಳ್ತಾ ಕೂರ್ತಾರೆ."

ಜನವರಿಯಲ್ಲಿ, ಸಂಕ್ರಾಂತಿ ಮುಗಿದ ವಾರ, ಮೂವರೂ ರೈಲು ಹತ್ತಿದೆವು. ಆರು ಗಂಟೆಯ ದಾರಿಯಲ್ಲಿ ಚಿಕ್ಕಮ್ಮ ಕಿಟಕಿ ಬಿಟ್ಟು ಅಲುಗಲಿಲ್ಲ. ಗದ್ದೆ, ತಾಳೆಮರ, ಒಗೆದು ಒಣಹಾಕಿದ ಬಟ್ಟೆ, ಎಲ್ಲವನ್ನೂ ನುಂಗುವವಳ ಹಾಗೆ ನೋಡುತ್ತಿದ್ದಳು. ಒಂದು ವೇಳೆ ಇದೇ ಕೊನೆಯಾದರೆ ಎಂದು ಉಗ್ರಾಣ ತುಂಬಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ತಡವಾಗಿ ಹೊಳೆಯಿತು. ಎದುರಿನ ಸೀಟಿನಲ್ಲಿ ಚಿಕ್ಕಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಆರು ಗಂಟೆಯಲ್ಲಿ ಪುಟ ತಿರುವಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ಬಲಗಣ್ಣಿಗೆ ಮಾಡುವುದೆಂದಾಯಿತು. ಎಡಗಣ್ಣಿಗೆ ಕೆಲವು ತಿಂಗಳ ನಂತರ. ಒಳಗೆ ಹೋಗುವಾಗ ಚಿಕ್ಕಮ್ಮ ಹಾಕಿಕೊಳ್ಳಲು ಕೊಟ್ಟ ಹಸಿರು ನಿಲುವಂಗಿಯನ್ನು ಮುಟ್ಟಿ ನೋಡಿ, ನರ್ಸಿಗೆ, "ಇದು ಹಸಿರೋ ನೀಲಿಯೋ ನೀನೇ ಹೇಳಮ್ಮ, ನನ್ನ ಮಾತು ಈಗ ನಡಿಯಲ್ಲ" ಎಂದು ನಕ್ಕಳು. ನಕ್ಕದ್ದು ನಮಗಾಗಿ. ಚಿಕ್ಕಪ್ಪ ಹೊರಗಿನ ಬೆಂಚಿನಲ್ಲಿ ಕುಳಿತರು. ಆಕೆ ಹೇಳಿದಂತೆಯೇ ಆಯಿತು. ಅತ್ತರು.

ಮರುದಿನ ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಚಿಕ್ಕಮ್ಮ ರೆಪ್ಪೆ ಬಡಿದಳು. ಎದುರಿಗೆ ಡಾಕ್ಟರು. ನಾವೆಲ್ಲ ಸುತ್ತ ನಿಂತಿದ್ದೇವೆ. ಆಕೆ ಅವರ ಮುಖ ನೋಡಲಿಲ್ಲ. ಕೋಟು ನೋಡಿದಳು!

"ಅಯ್ಯೋ ಡಾಕ್ಟ್ರೇ, ನಿಮ್ಮ ಕೋಟಿಗೆ ನೀಲಿ ಯಾಕಿಷ್ಟು ಸುರ್ದಿದಾರೆ?"

ಡಾಕ್ಟರಿಗೆ ಕನ್ನಡ ಬಾರದು. ಚಿಕ್ಕಪ್ಪ ಅಳುತ್ತ ನಗುತ್ತ ತೆಲುಗಿಗೆ ತಿರುಗಿಸಿದರು. ಡಾಕ್ಟರು ನಕ್ಕು ವಿವರಿಸಿದರು. ಪೊರೆ ಹಳದಿಗಟ್ಟಿದ ಗಾಜಿನ ಹಾಗೆ. ಇಷ್ಟು ದಿನ ಜಗತ್ತನ್ನೆಲ್ಲ ಅದರ ಮೂಲಕ ನೋಡಿದ್ದರಿಂದ ನೀಲಿ ಸತ್ತುಹೋಗಿತ್ತು. ಈಗ ಅದು ಒಮ್ಮೆಲೇ ಕಣ್ಣಿಗೆ ನುಗ್ಗುತ್ತಿದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ.

ಅಲ್ಲಿಂದ ಚಿಕ್ಕಮ್ಮನಿಗೆ ಹೊಸ ಹುಚ್ಚು ಹಿಡಿಯಿತು. ಒಂದು ಕಣ್ಣು ಮುಚ್ಚಿ ನೋಡುವುದು, ಆಮೇಲೆ ಇನ್ನೊಂದು ಮುಚ್ಚಿ ನೋಡುವುದು. "ಇದು ಬಿಸಿ ಕಣ್ಣು, ಇದು ತಂಪು ಕಣ್ಣು" ಎಂದು ಹೆಸರನ್ನೂ ಇಟ್ಟಳು. ಕೃಷ್ಣಾ ನದಿಯ ದಡಕ್ಕೆ ಕರೆದುಕೊಂಡು ಹೋದರೆ ಕಪ್ಪು ಕನ್ನಡಕದೊಳಗೇ ಕಣ್ಣು ಮಿಟುಕಿಸುತ್ತ ಕುಳಿತಳು. "ಈ ಕಣ್ಣಾಗೆ ಹೊಳೆ ಬೆಳಗ್ಗೆ ಐತೆ, ಈ ಕಣ್ಣಾಗೆ ಸಂಜೆ ಆಗೈತೆ." ಪಕ್ಕದಲ್ಲಿ ಕುಳಿತ ಒಬ್ಬ ಹಿರಿಯರು, ಈ ಹೆಂಗಸು ಯಾರಿಗೆ ಕಣ್ಣು ಹೊಡೆಯುತ್ತಿದ್ದಾಳೆಂದು ಗಾಬರಿಯಿಂದ ಎದ್ದು ಹೋದರು!

ವಿಶಾಖಪಟ್ಟಣಕ್ಕೆ ಮರಳಿದ ದಿನ ಆಕೆ ಚಪ್ಪಲಿ ಬಿಟ್ಟವಳೇ ನೇರ ನನ್ನ ಕೋಣೆಗೆ ಹೋದಳು. ನಾನೂ ಚಿಕ್ಕಪ್ಪನೂ ಬಾಗಿಲಲ್ಲಿ ನಿಂತೆವು. ಆಕೆ ಕನ್ನಡಕ ತೆಗೆದಳು. ಗೋಡೆ ನೋಡಿದಳು. ನಾಲ್ಕೂ ಗೋಡೆಗಳ ಕಡೆ ಒಂದೊಂದಾಗಿ ತಿರುಗಿದಳು.

"ಏಳು ತಿಂಗಳು" ಎಂದಳು ಕೊನೆಗೆ. "ಏಳು ತಿಂಗಳು ಇದರಾಗೆ ಮಲಗಿದ್ಯಾ?"

"ರೂಢಿ ಆಯ್ತು ಚಿಕ್ಕಮ್ಮ."

"ಜೈಲೂ ರೂಢಿ ಆಗ್ತದೆ!" ಎಂದವಳು ಥಟ್ಟನೆ ಬಲಗಣ್ಣು ಮುಚ್ಚಿದಳು. ಮುಖ ಅರಳಿತು. "ಆದ್ರೂ ನೋಡು, ನಾನು ಹೇಳಿದ್ದು ತಪ್ಪಲ್ಲ. ಈ ಕಣ್ಣಾಗೆ ನೋಡು, ಮಳೆ ನಿಂತ ಆಕಾಶಾನೇ!" ಆಕೆಯ ಕಣ್ಣನ್ನು ಕಡ ತೆಗೆದುಕೊಂಡು ನಾನು ನೋಡಲು ಬರುತ್ತದೆಂಬಂತೆ ನನ್ನನ್ನು ಎಳೆದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ನಾನೂ ಒಂದು ಕಣ್ಣು ಮುಚ್ಚಿ ನೋಡಿದೆ. ಕಾಣಿಸಿತು ಎಂದೇ ಹೇಳಿದೆ.

ಎರಡು ವಾರ ಬಿಟ್ಟು ಪೇಂಟರ್ ಮತ್ತೆ ಬಂದ. ಈ ಸಲ ಚಿಕ್ಕಮ್ಮ ಬಣ್ಣದ ಕಾರ್ಡನ್ನು ನನ್ನ ತೊಡೆಯ ಮೇಲಿಟ್ಟು, "ನಿಂಗೆ ಯಾವ್ದು ಇಷ್ಟ?" ಎಂದು ಕೇಳಿದಳು. ನಾನು ಕಾಯಿಸಿದ ಹಾಲಿನ ಮೇಲಿನ ಕೆನೆಯಂಥ ಒಂದು ಬಣ್ಣ ತೋರಿಸಿದೆ. ಬಳಿದು ಮುಗಿದ ಮೇಲೆ ಚಿಕ್ಕಪ್ಪ ಒಳಗೆ ಬಂದು, "ಆಹಾ, ಎಷ್ಟು ಬೆಚ್ಚಗಿದೆಯಂಡಿ" ಎಂದರು. ಚಿಕ್ಕಮ್ಮ, "ತಂಪಾಗೈತೆ ಅನ್ನಿ" ಎಂದಳು. ಇಬ್ಬರೂ ತಾವೇ ಗೆದ್ದೆವೆಂದು ಹೊರಗೆ ಹೋದರು.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಮರುವಾರ ನಡೆದದ್ದನ್ನು ಹೇಳದಿದ್ದರೆ ನಾನು ಏನನ್ನೂ ಹೇಳಿದಂತಾಗುವುದಿಲ್ಲ.

ಪಕ್ಕದ ಮನೆಯವರ ಮಗಳ ಮದುವೆ ಬಂದಿತ್ತು. ಅವರ ಸೀರೆಗೆ ರವಿಕೆ ಬಟ್ಟೆ ತರಲು ಚಿಕ್ಕಮ್ಮ ಹೊಸ ಕಣ್ಣಿನ ಹುಮ್ಮಸ್ಸಿನಲ್ಲಿ ನನ್ನನ್ನೂ ಎಳೆದುಕೊಂಡು ತನ್ನ ಮಾಮೂಲು ಮ್ಯಾಚಿಂಗ್ ಅಂಗಡಿಗೆ ಹೋದಳು. ಬಟ್ಟೆ ಕತ್ತರಿಸಿ ಕೊಡುತ್ತ ಅಂಗಡಿಯ ಮುದುಕ ಸಹಜವಾಗಿ ಕೇಳಿದ: "ರೇಪು ಸಾರ್ ವಸ್ತಾರಾ ಅಮ್ಮಾ?" ನಾಳೆ ಸಾರ್ ಬರುತ್ತಾರಾ?

"ಸಾರ್ ಯಾಕೆ ಬರ್ತಾರೆ?" ಚಿಕ್ಕಮ್ಮ ತೆಲುಗಿನಲ್ಲೇ ಕೇಳಿದಳು.

ಬದಲಾಯಿಸುವುದಕ್ಕೆ, ಎಂದ ಮುದುಕ. ಎರಡು ವರ್ಷದಿಂದ ಅಮ್ಮ ಬಟ್ಟೆ ಕೊಂಡುಹೋದ ಮರುದಿನ ಸಾರ್ ಬರುತ್ತಾರಲ್ಲ? ಬಟ್ಟೆ ಯಾರದೋ ಆ ಮನೆಯವರ ಸೀರೆಯನ್ನು ಕವರಿನಲ್ಲಿ ಹಾಕಿಕೊಂಡು ಬರುತ್ತಾರೆ, ಬಾಗಿಲ ಬಿಸಿಲಿನಲ್ಲಿ ನಿಂತು ಒಂದೊಂದೇ ತುಂಡು ಹಿಡಿದು ನೋಡುತ್ತಾರೆ. ಮೊದಮೊದಲು ಗಂಟೆಗಟ್ಟಲೆ ಹಿಡಿಯುತ್ತಿತ್ತು, ಈಗೀಗ ಪರವಾಗಿಲ್ಲ, ಕಣ್ಣು ಪಳಗಿದೆ. ಹೇಳುತ್ತ ಹೇಳುತ್ತ ಚಿಕ್ಕಮ್ಮನ ಮುಖ ನೋಡಿ ಮುದುಕ ಮಾತು ನಿಲ್ಲಿಸಿದ.

ಗಲ್ಲಿಗೆ ಗಲ್ಲಿಯೇ ಗೊತ್ತಿತ್ತು ಎಂದಾಯಿತು. ಚಿಕ್ಕಮ್ಮ ತಂದುಕೊಟ್ಟದ್ದನ್ನು ಎಲ್ಲರೂ ಹೊಗಳಿ ತೆಗೆದುಕೊಳ್ಳುವುದು, ಚಿಕ್ಕಪ್ಪ ಕಚೇರಿಯಿಂದ ಬರುವಾಗ ಸದ್ದಿಲ್ಲದೆ ಈಸಿಕೊಂಡು ಹೋಗಿ ಬದಲಾಯಿಸಿ ತರುವುದು. ಮದುವೆ, ಮುಂಜಿಗಳಲ್ಲಿ "ಪಿನ್ನಿಗಾರ ಮ್ಯಾಚಿಂಗ್ ಅಂದ್ರೆ ಮ್ಯಾಚಿಂಗ್" ಎಂದು ಎಲ್ಲರೂ ಮೆರೆಸಿದ್ದು ಚಿಕ್ಕಪ್ಪನ ಕಣ್ಣನ್ನು. ಬಟ್ಟೆಯನ್ನೇನೋ ಬದಲಾಯಿಸಿಕೊಂಡು ಬರಬಹುದು. ಗೋಡೆಯನ್ನು ಬದಲಾಯಿಸಿಕೊಂಡು ಬರಲಾದೀತೇ? ಏಳನೆಯ ಚೌಕದ ದಿನ ಅವರು ಕಿಟಕಿಯಾಚೆ ನೋಡುತ್ತ ನಿಂತದ್ದು ಅದಕ್ಕೇ ಇರಬೇಕು.

ಚಿಕ್ಕಮ್ಮ ಅಲ್ಲೇ ಸ್ಟೂಲಿನ ಮೇಲೆ ಕುಳಿತಳು. ನೀರು ಕುಡಿದಳು. ಆಮೇಲೆ ಎದ್ದು, ತನಗೊಂದು ರವಿಕೆ ಬಟ್ಟೆ ಬೇಕೆಂದಳು. ಉಟ್ಟಿದ್ದದ್ದು ನೇರಳೆ ಸೀರೆ. ತೆಗೆದುಕೊಂಡದ್ದು ಕಿತ್ತಳೆ ಬಟ್ಟೆ! ನಾನು ಬಾಯಿ ತೆರೆದೆ. ಆಕೆ ನೋಡಿದ ನೋಟಕ್ಕೆ ಮುಚ್ಚಿಕೊಂಡೆ.

ಸಂಜೆ ಚಿಕ್ಕಪ್ಪ ಬಂದು ಕಾಫಿ ಕುಡಿದಾದ ಮೇಲೆ ಆಕೆ ಆ ತುಂಡನ್ನು ನೇರಳೆ ಸೆರಗಿನ ಮೇಲೆ ಹರಡಿ ಅವರ ಮುಂದೆ ನಿಂತಳು.

"ಹೆಂಗೈತೆ? ಮ್ಯಾಚ್ ಆಗ್ತದಾ?"

ಚಿಕ್ಕಪ್ಪ ಬಟ್ಟೆ ನೋಡಿದರು. ಅವರ ಮುಖದಲ್ಲಿ ಎಂಥ ಭಯ ಹಾದುಹೋಯಿತು! ಕಣ್ಣು ಮತ್ತೆ ಕೆಟ್ಟಿತೇ ಎಂಬ ಭಯ. ಆದರೂ ನಾಲಿಗೆ ಎರಡು ವರ್ಷದ ಅಭ್ಯಾಸ ಬಿಡಲಿಲ್ಲ.

"ಭೇಷಾಗಿದೆಯಂಡಿ. ಒಂದ್ಸಲ ಕೊಡಿ, ನೀರಿಗೆ ಹಾಕಿಸಿ ತರ್ತೀನಿ. ಕುಗ್ಗಿದ್ರೆ ಕಷ್ಟ."

"ನಾಳೆ ಬಿಸಿಲಾಗೆ ನಿಂತ್ಕೊಂಡು ನೋಡ್ತೀರೇನು, ಒಂದೊಂದೇ ತುಂಡು ಹಿಡ್ಕೊಂಡು?"

ಚಿಕ್ಕಪ್ಪನಿಗೆ ಅರ್ಥವಾಯಿತು. ಕೈ ಚಾಚಿದ್ದವರು ಹಾಗೇ ಕುಳಿತುಬಿಟ್ಟರು. ಸಿಕ್ಕಿಬಿದ್ದ ಕಳ್ಳನ ಹಾಗೆ ತಲೆ ತಗ್ಗಿಸಿದರು. ಮಂಡಿಯೂರಿ ಕುಳಿತ ಚಿಕ್ಕಮ್ಮ ಅವರ ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಯಾವ ಕಣ್ಣನ್ನೂ ಮುಚ್ಚಲಿಲ್ಲ. ಬೇರೆಯವರ ಮನೆಯ ಮದುವೆ ಸೀರೆಯನ್ನು ಕೂಡ ಆಕೆ ಅಷ್ಟು ಹೊತ್ತು ನೋಡಿದ್ದನ್ನು ನಾನು ಕಂಡಿಲ್ಲ.

"ನಂಗೆ ಹೇಳಿದ್ರೆ ಏನಾಗ್ತಿತ್ರೀ?" ಎಂದಳು.

"ಬೈತಿದ್ರಿ" ಎಂದರು ಚಿಕ್ಕಪ್ಪ. ಜೀವಮಾನದಲ್ಲಿ ಮೊದಲ ಸಲ ಮಾತಿನ ಕೊನೆಗೆ ಅಂಡಿ ಹಾಕುವುದನ್ನು ಮರೆತಿದ್ದರು.

ನಾನು ಮೆಲ್ಲಗೆ ಎದ್ದು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಕಂಪನಿ ಬಸ್ಸಿಳಿದು ಬರುವಾಗ ರಸ್ತೆಯ ಆಚೆ ಬದಿಯಲ್ಲಿ ಅವರಿಬ್ಬರೂ ಕಂಡರು. ಕಿತ್ತಳೆ ತುಂಡನ್ನು ಬದಲಾಯಿಸಿಕೊಂಡು ಬರುತ್ತಿದ್ದರು. ಚಿಕ್ಕಮ್ಮನಿಗೆ ಈಗ ದಾರಿ ಚೆನ್ನಾಗಿ ಕಾಣುತ್ತಿತ್ತು, ಹಿಡಿದುಕೊಳ್ಳಲು ಯಾರೂ ಬೇಕಿರಲಿಲ್ಲ. ಆದರೂ ಚಿಕ್ಕಪ್ಪನ ತೋಳಿಗೆ ತನ್ನ ತೋಳು ಸಿಕ್ಕಿಸಿಕೊಂಡು, ಪೂರ್ತಿ ಭಾರ ಬಿಟ್ಟು, ನೇತಾಡುತ್ತಲೇ ನಡೆದಳು.